ಆರು ತಿಂಗಳ ಲೆಕ್ಕ

ಪ್ರವಾಸಿ ವೀಸಾ ಕೇಳುವವರ ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಆಯುಸ್ಸಿರಬೇಕೆಂಬ ನಿಯಮ ಹುಟ್ಟಿದ್ದು ಗುರುತು ಹಿಡಿಯುವುದಕ್ಕಲ್ಲ, ಬಂದವರು ಮರಳುವ ದಾರಿ ಮುಚ್ಚದಿರಲಿ ಎಂದು. 1952ರ ಅಮೆರಿಕದ ವಲಸೆ ಕಾಯ್ದೆಯನ್ನೇ ನೋಡಿ: ವಾಸಕ್ಕೆ ಮೊದಲು ಕೊಟ್ಟ ಅವಧಿ ಮುಗಿದ ಮೇಲೂ 6 ತಿಂಗಳು ಊರ್ಜಿತವಾಗಿದ್ದು, ಸ್ವದೇಶಕ್ಕೋ ಬೇರೊಂದು ದೇಶಕ್ಕೋ ಹೋಗಲು ಅರ್ಹತೆ ನೀಡುವ ಪಾಸ್‌ಪೋರ್ಟನ್ನು ಅದು ಕೇಳಿತು. ಮಹಾಯುದ್ಧಗಳು ಲಕ್ಷಾಂತರ ಜನರನ್ನು ದೇಶವಿಲ್ಲದವರನ್ನಾಗಿಸಿದ್ದ ಕಾಲವದು. ಉದ್ದೇಶ ನಕಲಿ ತಡೆಯುವುದಲ್ಲವೇ ಎಂದು ಕೇಳಬಹುದು. ಹಾಗಿದ್ದರೆ ವಿನಾಯಿತಿಗೆ ಅರ್ಥವೇ ಇರುತ್ತಿರಲಿಲ್ಲ. ಅವಧಿ ಮುಗಿದ ಪಾಸ್‌ಪೋರ್ಟಿನವರನ್ನೂ 6 ತಿಂಗಳವರೆಗೆ ವಾಪಸ್ ಸೇರಿಸಿಕೊಳ್ಳಲು ಒಪ್ಪಿದ ದೇಶಗಳಿಗೆ ಅಮೆರಿಕ ಈ ಷರತ್ತು ಸಡಿಲಿಸಿದೆ. ಅನೇಕರಿಗೆ ತಿಳಿಯದು, ಆ ಪಟ್ಟಿಯಲ್ಲಿ ಭಾರತವೂ ಇದೆ. ಯುರೋಪಿನ 2009ರ ಷೆಂಗನ್ ವೀಸಾ ಸಂಹಿತೆಗಂತೂ ಅಲ್ಲಿಂದ ಹೊರಡುವ ದಿನದಾಚೆಗೆ 3 ತಿಂಗಳಿದ್ದರೆ ಸಾಕು.