ಕ್ರೇನ್ ಎತ್ತುವುದು ಎಷ್ಟು ಭಾರ? ಟನ್ನಿನ ಲೆಕ್ಕಕ್ಕಿಂತ ದೂರದ ಲೆಕ್ಕವೇ ಮುಖ್ಯ

ತಮಿಳುನಾಡಿನ ರಾಣಿಪೇಟೆ ಜಿಲ್ಲೆಯ ಅರಕ್ಕೋಣಂ ಸಮೀಪದ ಕೀಳ್‌ವೀದಿ ಗ್ರಾಮದಲ್ಲಿ 2023ರ ಜನವರಿ 22ರ ರಾತ್ರಿ ದೇವಿಯ ಉತ್ಸವ ನಡೆದಿತ್ತು. ಹಾರ ಹಾಕುವ ಸಲುವಾಗಿ ಕೆಲವರು ಕ್ರೇನ್ ಏರಿದ್ದರು. ಅಸಮತಟ್ಟಾದ ನೆಲದಲ್ಲಿ ಸಾಗುತ್ತಿದ್ದ ಕ್ರೇನ್ ಒಂದು ಪಕ್ಕಕ್ಕೆ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡರು. ಟನ್‌ಗಟ್ಟಲೆ ಕಬ್ಬಿಣ ಹೊರುವ ಯಂತ್ರವೊಂದು ಬೆರಳೆಣಿಕೆಯ ಜನರ ತೂಕಕ್ಕೆ ಉರುಳಿದ್ದಾದರೂ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆ ಕರ್ನಾಟಕಕ್ಕೂ ದೂರದ್ದಲ್ಲ. ರಾಜಕೀಯ ನಾಯಕರಿಗೆ ಆಳೆತ್ತರದ ಸೇಬಿನ ಹಾರವನ್ನು ಕ್ರೇನ್‌ನಿಂದ ಇಳಿಬಿಟ್ಟು ಸ್ವಾಗತಿಸುವುದು ಇಲ್ಲಿನ ಚುನಾವಣಾ ಮೆರವಣಿಗೆಗಳ ಪರಿಚಿತ ದೃಶ್ಯ. ಆ ಹಾರದ ಕೆಳಗೆ ನೂರಾರು ಜನ ನಿಂತಿರುತ್ತಾರೆ. ತೂಗಾಡುವ ಭಾರದ ಅಡಿಯಲ್ಲಿ ಯಾರೂ ನಿಲ್ಲಬಾರದೆಂಬುದು ಕ್ರೇನ್ ಕೆಲಸದ ಮೊದಲ ಪಾಠ.

ಹದಿನಾಲ್ಕು ಟನ್ ಎಂದರೆ ಎಷ್ಟು?

ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚಾಗಿ ಕಾಣಸಿಗುವುದು, ಮುಂದಕ್ಕೆ ಚಾಚಿದ ತೋಳಿನಲ್ಲಿ ಭಾರವನ್ನು ನೇತುಹಾಕಿಕೊಂಡೇ ಚಲಿಸುವ ಹಳದಿ ಬಣ್ಣದ ಕ್ರೇನ್. ಎಸ್ಕಾರ್ಟ್ಸ್ ಕಂಪನಿಯ ಮಾದರಿಯೊಂದರ ಹೆಸರಾಗಿದ್ದ 'ಹೈಡ್ರಾ' ಇಂದು ಈ ಇಡೀ ಜಾತಿಗೇ ಅಂಟಿಕೊಂಡಿದೆ. ಬಾಡಿಗೆ ಮಾರುಕಟ್ಟೆಯಲ್ಲಿ ಇದನ್ನು ಗುರುತಿಸುವುದು 12 ಟನ್, 14 ಟನ್ ಎಂಬ ಸಂಖ್ಯೆಯಿಂದ. ಗ್ರಾಹಕನ ಮನಸ್ಸಿನಲ್ಲಿ ಉಳಿಯುವುದೂ ಆ ಸಂಖ್ಯೆಯೇ. ದುರ್ದೈವದ ಸಂಗತಿಯೆಂದರೆ, ಆ ಸಂಖ್ಯೆ ಒಂದೇ ಒಂದು ಸ್ಥಿತಿಯಲ್ಲಿ ಮಾತ್ರ ನಿಜ. ತೋಳನ್ನು ಪೂರ್ತಿ ಒಳಗೆಳೆದುಕೊಂಡು, ಭಾರವನ್ನು ಚಕ್ರಗಳಿಗೆ ತೀರಾ ಸಮೀಪ ಇರಿಸಿಕೊಂಡು, ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಿಂತಾಗಿನ ಗರಿಷ್ಠ ಸಾಮರ್ಥ್ಯ ಅದು.

ಕ್ರೇನ್ ಮೂಲತಃ ಒಂದು ಹಾರೆ. ಕಲ್ಲು ಮೀಟುವಾಗ ಆನಿಕೆಯಿಂದ ಕಲ್ಲು ದೂರವಾದಷ್ಟೂ ಹೆಚ್ಚು ಬಲ ಬೇಕಾಗುವಂತೆ, ಇಲ್ಲಿ ಮುಂದಿನ ಚಕ್ರಗಳೇ ಆನಿಕೆ, ಹಿಂಭಾಗದ ತೂಕವೇ ಎದುರುಭಾರ. ಎರಡು ಮೀಟರ್ ದೂರದಲ್ಲಿ 14 ಟನ್ ಹೊರುವ ಯಂತ್ರ ನಾಲ್ಕು ಮೀಟರ್‌ನಲ್ಲಿ ಹೊರಬಲ್ಲದ್ದು ಸುಮಾರು ಏಳು ಟನ್, ಎಂಟು ಮೀಟರ್‌ನಲ್ಲಿ ಮೂರೂವರೆ ಟನ್. ಇದು ಕಾಗದದ ಮೇಲಿನ ಸರಳ ಗುಣಾಕಾರ ಮಾತ್ರ. ತೋಳು ಚಾಚಿದಂತೆ ತೋಳಿನದೇ ತೂಕವೂ ಮುಂದಕ್ಕೆ ಹೋಗುವುದರಿಂದ ನಿಜವಾದ ಸಾಮರ್ಥ್ಯ ಇನ್ನೂ ಕಡಿಮೆ. ಕೊಕ್ಕೆ, ಸರಪಳಿ, ಬೆಲ್ಟುಗಳ ತೂಕವನ್ನೂ ಭಾರದೊಳಗೇ ಸೇರಿಸಬೇಕು. ಯಾವ ದೂರಕ್ಕೆ, ತೋಳಿನ ಯಾವ ಉದ್ದಕ್ಕೆ, ಎಷ್ಟು ಭಾರ ಎಂಬುದನ್ನು ತಯಾರಕರು 'ಲೋಡ್ ಚಾರ್ಟ್' ಎಂಬ ಪಟ್ಟಿಯಲ್ಲಿ ಮುದ್ರಿಸಿ ಚಾಲಕನ ಕೋಣೆಯಲ್ಲಿ ಅಂಟಿಸಿರುತ್ತಾರೆ. ಅದನ್ನು ಓದಿಯೇ ಕೊಕ್ಕೆ ಎತ್ತುವ ಚಾಲಕನೇ ನಿಜವಾದ ಕ್ರೇನ್ ಆಪರೇಟರ್.

ಇನ್ನೊಂದು ತುದಿಯಲ್ಲಿರುವುದು ಎತ್ತಬೇಕಾದ ವಸ್ತುವಿನ ತೂಕ. ಇದನ್ನು ಕಣ್ಣಳತೆಯಲ್ಲಿ ಹೇಳುವ ಅಭ್ಯಾಸ ಎಲ್ಲೆಡೆ ಇದೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್, ಕಬ್ಬಿಣ ಹಾಕಿದ ಕಾಂಕ್ರೀಟ್ 2.5 ಟನ್, ಉಕ್ಕು 7.85 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಗ್ರಾನೈಟ್ ದಿಂಡು ನೋಡಲು ಅಂಥ ದೊಡ್ಡದೇನಲ್ಲ. ಅದರ ತೂಕ 18 ಟನ್ ದಾಟುತ್ತದೆ. ಅಪಘಾತಕ್ಕೀಡಾದ ಲಾರಿಯನ್ನು ಹಳ್ಳದಿಂದ ಮೇಲೆತ್ತುವಾಗಲಂತೂ ಕೆಸರಿನ ಹಿಡಿತವೂ ಭಾರಕ್ಕೆ ಸೇರಿಕೊಳ್ಳುತ್ತದೆ. ಹೀಗೆ ಅಡ್ಡಕ್ಕೆ ಎಳೆಯುವುದಕ್ಕೆ ಕ್ರೇನ್ ತೋಳನ್ನು ರೂಪಿಸಿಲ್ಲ. ಅದರ ಬಲವೆಲ್ಲ ನೇರ ಮೇಲಕ್ಕೆತ್ತಲು.

2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ನಿರ್ಮಾಣ ಹಂತದ ಮೆಟ್ರೊ ಸೇತುವೆ ಕುಸಿದು ಕಾರ್ಮಿಕರು ಸಾವಿಗೀಡಾದರು. ಮರುದಿನ ಅವಶೇಷ ತೆಗೆಯಲು ಬಂದ ಕ್ರೇನ್‌ಗಳೇ ಟಿವಿ ಕ್ಯಾಮೆರಾಗಳ ಎದುರು ಉರುಳಿಬಿದ್ದು ಮತ್ತಷ್ಟು ಮಂದಿ ಗಾಯಗೊಂಡದ್ದನ್ನು ಇಲ್ಲಿ ಸ್ಮರಿಸಬಹುದು.

ಕಾಲೂರುವ ನೆಲ

ಹೈಡ್ರಾ ನಿಲ್ಲುವುದು ಟೈರುಗಳ ಮೇಲೆ. ಒಂದು ಚಕ್ರ ಗುಂಡಿಗಿಳಿದರೂ ತೋಳಿನ ತುದಿ ಹಲವು ಅಡಿ ಪಕ್ಕಕ್ಕೆ ವಾಲುತ್ತದೆ. ಭಾರವೂ ಅದರೊಂದಿಗೆ ಹೋಗುತ್ತದೆ. ಅರಕ್ಕೋಣಂನಂಥ ಪ್ರಕರಣಗಳಲ್ಲಿ ತೂಕ ಕಡಿಮೆಯಿದ್ದೂ ಯಂತ್ರ ಮಗುಚುವ ಅಪಾಯವಿರುವುದು ಇದರಿಂದಲೇ. ಆದ್ದರಿಂದ ಭಾರ ಹೊತ್ತು ಚಲಿಸುವಾಗ ಅದನ್ನು ನೆಲಕ್ಕೆ ಆದಷ್ಟು ಸಮೀಪದಲ್ಲಿರಿಸಿ, ತೂಗಾಡದಂತೆ ಹಗ್ಗ ಕಟ್ಟಿ ಹಿಡಿದು, ನಡಿಗೆಯ ವೇಗದಲ್ಲಿ ಸಾಗಬೇಕು. ಹಳೆಯ ಮಾದರಿಗಳಲ್ಲಿ ಚಾಲಕ ಹಿಂದೆ ಕುಳಿತಿರುತ್ತಾನೆ, ಮುಂದೆ ಚಾಚಿದ ತೋಳು ಅವನ ದೃಷ್ಟಿಗೆ ಅಡ್ಡವಾಗುತ್ತದೆ. ಭಾರದ ಪಕ್ಕದಲ್ಲೇ ನಡೆಯುವ ಸಹಾಯಕನಿಗೆ ಯಂತ್ರದಿಂದಲೇ ಅಪಾಯ ಒದಗುವುದು ಈ ಕಾರಣದಿಂದ. ಚಾಲಕನ ಕೋಣೆ ಮುಂಭಾಗಕ್ಕೆ ಬಂದ ಹೊಸ ಮಾದರಿಗಳು ಈಗ ಲಭ್ಯವಿದ್ದು, ಹಲವು ದೊಡ್ಡ ಕಾಮಗಾರಿಗಳಲ್ಲಿ ಹಳೆಯದಕ್ಕೆ ಪ್ರವೇಶವನ್ನೇ ನಿರಾಕರಿಸಲಾಗುತ್ತಿದೆ.

ಟ್ರಕ್ಕಿನ ಮೇಲೆ ಕೂಡಿಸಿದ ದೊಡ್ಡ ಕ್ರೇನ್‌ಗಳು ನಾಲ್ಕು ಕಡೆ ಔಟ್‌ರಿಗರ್ ಎಂಬ ಉಕ್ಕಿನ ಕಾಲುಗಳನ್ನು ಚಾಚಿ ನಿಲ್ಲುತ್ತವೆ. ತೋಳು ಒಂದು ಮೂಲೆಯ ಮೇಲೆ ತಿರುಗಿದಾಗ ಕ್ರೇನ್ ಮತ್ತು ಸರಕಿನ ಒಟ್ಟು ತೂಕದ ಮುಕ್ಕಾಲು ಪಾಲಿನವರೆಗೂ ಆ ಒಂದೇ ಕಾಲಿನ ಮೇಲೆ ಬೀಳಬಹುದು. 40 ಟನ್ ತೂಕದ ಕ್ರೇನ್ 10 ಟನ್ ಎತ್ತಿದಾಗ ಒಂದು ಪಾದದಡಿ 35 ಟನ್‌ಗಿಂತಲೂ ಹೆಚ್ಚು! ನಗರದ ರಸ್ತೆಯಡಿ ಚರಂಡಿ, ನೀರಿನ ಕೊಳವೆ, ಕೇಬಲ್ಲಿಗೆಂದು ಅಗೆದು ಸಡಿಲವಾಗಿ ಮುಚ್ಚಿದ ಗುಂಡಿಗಳಿರುತ್ತವೆ. ಚರಂಡಿಯ ಮೇಲಿನ ಚಪ್ಪಡಿಯಂತೂ ಈ ಭಾರಕ್ಕೆ ಹಪ್ಪಳ. ಪಾದದಡಿ ದಪ್ಪ ಮರದ ದಿಮ್ಮಿ ಅಥವಾ ಉಕ್ಕಿನ ತಟ್ಟೆ ಹಾಸಿ ಭಾರವನ್ನು ಹರಡಬೇಕಾಗುತ್ತದೆ. ರಸ್ತೆ ಕಿರಿದೆಂದು ಒಂದು ಪಕ್ಕದ ಕಾಲುಗಳನ್ನು ಅರ್ಧ ಮಾತ್ರ ಚಾಚಿದರೆ ಲೋಡ್ ಚಾರ್ಟಿನ ಪೂರ್ಣ ಅಂಕಿಗಳು ಅಲ್ಲಿಗೆ ಅನ್ವಯಿಸುವುದಿಲ್ಲ.

ನೆದರ್ಲೆಂಡ್ಸ್‌ನ ಆಲ್ಫೆನ್ ಆನ್ ಡೆನ್ ರೈನ್ ಪಟ್ಟಣದಲ್ಲಿ 2015ರ ಆಗಸ್ಟ್ 3ರಂದು ಸೇತುವೆಯ ಭಾಗವೊಂದನ್ನು ಕೂಡಿಸಲು ಎರಡು ಮೊಬೈಲ್ ಕ್ರೇನ್‌ಗಳನ್ನು ತೇಲುವ ದೋಣಿಗಳ ಮೇಲೆ ನಿಲ್ಲಿಸಲಾಗಿತ್ತು. ಎರಡೂ ಉರುಳಿ ದಡದ ಮನೆಗಳನ್ನು ಪುಡಿಮಾಡಿದವು. ಯಾರೂ ಸಾಯದಿದ್ದುದು ಪವಾಡವೇ ಸರಿ. ಅಷ್ಟೊಂದು ತಂತ್ರಜ್ಞಾನವಿರುವ ದೇಶದಲ್ಲೂ ದೋಣಿ, ಕ್ರೇನ್, ಭಾರ ಮೂರೂ ಸೇರಿದಾಗಿನ ಸ್ಥಿರತೆಯ ಲೆಕ್ಕ ಸಾಕಷ್ಟಿರಲಿಲ್ಲವೆಂದು ತನಿಖೆ ಕಂಡುಕೊಂಡಿತು.

ಕಟ್ಟುವ ಕೈ

ಭಾರಕ್ಕೆ ಬೆಲ್ಟು, ಸರಪಳಿ, ಉಕ್ಕಿನ ಹಗ್ಗ ಕಟ್ಟಿ ಕೊಕ್ಕೆಗೆ ಸಿಕ್ಕಿಸುವ ಕೆಲಸಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಚಾಲಕನಿಗೆ ಸಂಬಳ, ಪರವಾನಗಿ ಎರಡೂ ಇರುತ್ತವೆ. ಕಟ್ಟುವವನು ಬಹುತೇಕ ಕಡೆ ದಿನಗೂಲಿಯ 'ಹೆಲ್ಪರ್'. ಆದರೆ ಹೆಚ್ಚು ಗಣಿತ ಅಡಗಿರುವುದು ಅವನ ಕೆಲಸದಲ್ಲಿಯೇ.

ಹತ್ತು ಟನ್ ಭಾರಕ್ಕೆ ಎರಡು ಬೆಲ್ಟು ಕಟ್ಟಿದರೆ ತಲಾ ಐದು ಟನ್ ಎಂದು ಯಾರಾದರೂ ಹೇಳಿಯಾರು. ಎರಡೂ ನೇರ ಮೇಲಕ್ಕೆ ಹೋದರೆ ಮಾತ್ರ ಅದು ಸರಿ. ಒಂದೇ ಕೊಕ್ಕೆಗೆ ಓರೆಯಾಗಿ ಸೇರಿದಾಗ ಲೆಕ್ಕ ಬದಲಾಗುತ್ತದೆ. ಬೆಲ್ಟು ಅಡ್ಡಗೆರೆಯಿಂದ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೆ 5.8 ಟನ್, 45 ಡಿಗ್ರಿಯಲ್ಲಿ 7.1 ಟನ್, 30 ಡಿಗ್ರಿಗಿಳಿದರೆ ಪೂರ್ತಿ 10 ಟನ್. ಅಂದರೆ ಕುಳ್ಳಗಿನ ಬೆಲ್ಟು ಹಾಕಿ ಕೋನ ಕುಗ್ಗಿಸಿದವನು ತನಗರಿವಿಲ್ಲದೆಯೇ ಭಾರವನ್ನು ಇಮ್ಮಡಿಗೊಳಿಸಿರುತ್ತಾನೆ. ಬೆಲ್ಟನ್ನು ಕುಣಿಕೆಯಂತೆ ಬಿಗಿದರೆ ಅದರ ಸಾಮರ್ಥ್ಯ ಶೇ 80ಕ್ಕೆ ಇಳಿಯುತ್ತದೆ. ಚೂಪಾದ ಅಂಚಿಗೆ ತಾಗುವಲ್ಲಿ ಮೆತ್ತೆಯಿಡದಿದ್ದರೆ ಚಾಕುವಿಗೆ ಸಿಕ್ಕ ಬಟ್ಟೆಯಂತೆ ಅದು ಹರಿಯುತ್ತದೆ.

ಅಕ್ಷರ ಬಾರದವರಿಗೂ ನೆರವಾಗುವ ಒಂದು ವ್ಯವಸ್ಥೆ ಇಲ್ಲಿದೆ. ಅಂತರರಾಷ್ಟ್ರೀಯವಾಗಿ ರೂಢಿಯಲ್ಲಿರುವ ಐರೋಪ್ಯ ಮಾನಕದ ಪ್ರಕಾರ ಪಾಲಿಯೆಸ್ಟರ್ ಬೆಲ್ಟಿನ ಬಣ್ಣವೇ ಅದರ ಸಾಮರ್ಥ್ಯ ಸಾರುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5, ಕಂದು 6, ನೀಲಿ 8, ಕಿತ್ತಳೆ 10. ಹೊಲಿಗೆ ಬಿಚ್ಚಿದ, ಗುರುತಿನ ಚೀಟಿ ಕಿತ್ತುಹೋದ ಬೆಲ್ಟು ಎಷ್ಟೇ ಗಟ್ಟಿಯಾಗಿ ಕಂಡರೂ ಬಳಸುವಂತಿಲ್ಲ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೇನಲ್ಲ. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಬಳಿ ಅಷ್ಟಮುಡಿ ಸರೋವರಕ್ಕೆ ಉರುಳಿ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟಾಗ, ಮುಳುಗಿದ ಬೋಗಿಗಳನ್ನು ಮೇಲೆ ತರಲು ಕಲ್ಲಿಕೋಟೆ ಬಳಿಯ ಬೇಪೂರಿನ ಮಾಪಿಳ್ಳೆ ಖಲಾಸಿಗಳನ್ನು ಕರೆಸಲಾಯಿತು. ಹಗ್ಗ, ರಾಟೆ, ಕೈಯಿಂದ ತಿರುಗಿಸುವ ಯಂತ್ರಗಳೇ ಅವರ ಬಂಡವಾಳ. ತಲೆಮಾರುಗಳಿಂದ ಹಡಗು ಎಳೆದು ಕಲಿತ ಆ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗಾಳಿ, ತಂತಿ, ಸನ್ನೆ

ಅಮೆರಿಕದ ಮಿಲ್ವಾಕಿಯಲ್ಲಿ 1999ರ ಜುಲೈ 14ರಂದು ಕ್ರೀಡಾಂಗಣದ ಛಾವಣಿಯ 400 ಟನ್‌ಗೂ ಮೀರಿದ ಭಾಗವನ್ನು ಎತ್ತುತ್ತಿದ್ದ ದೈತ್ಯ ಕ್ರೇನ್ ಕುಸಿದು ಮೂವರು ಕಾರ್ಮಿಕರು ಸತ್ತರು. ಬೀಸುಗಾಳಿ ಕ್ರೇನ್‌ಗೆ ತಾಗುವುದಷ್ಟೇ ಅಲ್ಲ, ಅಗಲವಾದ ಛಾವಣಿ ಹಾಯಿಯಂತೆ ಗಾಳಿ ಹಿಡಿಯುತ್ತದೆಂಬುದನ್ನು ಗಣನೆಗೆ ತೆಗೆದುಕೊಳ್ಳಲಾಗಿರಲಿಲ್ಲ. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ಮಸೀದಿಯ ಮೇಲೆ ಕ್ರೇನ್ ಬಿದ್ದು ನೂರಕ್ಕೂ ಹೆಚ್ಚು ಯಾತ್ರಿಕರು ಸತ್ತಾಗ, ಅದು ಏನನ್ನೂ ಎತ್ತುತ್ತಿರಲಿಲ್ಲ. ಬಳಕೆಯಲ್ಲಿಲ್ಲದ ತೋಳನ್ನು ಕೆಳಗಿಳಿಸದೆ ಬಿರುಗಾಳಿಗೆ ಒಡ್ಡಿದ್ದೇ ತಪ್ಪೆಂದು ತನಿಖೆ ಹೇಳಿತು.

ನಮ್ಮಲ್ಲಿ ಗಾಳಿಗಿಂತ ಹತ್ತಿರದ ಶತ್ರು ವಿದ್ಯುತ್ ತಂತಿ. ಅಮೆರಿಕದ ನಿಯಮ 50 ಕಿಲೋವೋಲ್ಟ್‌ವರೆಗಿನ ತಂತಿಯಿಂದ ಕನಿಷ್ಠ 10 ಅಡಿ ದೂರವಿರಬೇಕೆನ್ನುತ್ತದೆ. ಇಲ್ಲಿನ ಬಡಾವಣೆಗಳಲ್ಲಿ ಅಷ್ಟು ಜಾಗ ಸಿಗುವುದೇ ಅಪರೂಪ. ಹಾಗಾಗಿ ಕೆಲಸ ಮುಗಿಯುವವರೆಗೆ ಸರಬರಾಜು ನಿಲ್ಲಿಸುವಂತೆ ವಿದ್ಯುತ್ ಕಂಪನಿಯನ್ನು ಕೋರುವುದೇ ಸರಿಯಾದ ದಾರಿ. ತೋಳು ತಂತಿಗೆ ತಾಗಿದರೆ ಚಾಲಕ ಕೋಣೆಯಲ್ಲೇ ಕೂತಿರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ ಜೋಡಿಗಾಲಿನಲ್ಲಿ ನೆಗೆದು, ಪಾದಗಳನ್ನು ಎತ್ತದೆ ಜರುಗುತ್ತ ದೂರ ಸರಿಯಬೇಕು.

ಚಾಲಕನಿಗೆ ಸನ್ನೆ ಮಾಡುವವನು ಒಬ್ಬನೇ ಇರತಕ್ಕದ್ದು. ತೋರುಬೆರಳು ಮೇಲೆತ್ತಿ ವೃತ್ತಾಕಾರವಾಗಿ ತಿರುಗಿಸಿದರೆ ಭಾರ ಎತ್ತು ಎಂದರ್ಥ. 'ನಿಲ್ಲಿಸು' ಎಂಬ ಸನ್ನೆಗೆ ಮಾತ್ರ ಈ ನಿಯಮವಿಲ್ಲ. ಅದನ್ನು ಯಾರೇ ಮಾಡಿದರೂ, ದಾರಿಹೋಕನೇ ಆಗಿದ್ದರೂ, ಚಾಲಕ ಪಾಲಿಸಬೇಕು.

ಕಾನೂನಿನ ಹಿಡಿತ

1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಕೂಲಂಕಷವಾಗಿ ತಪಾಸಣೆ ಮಾಡಿಸಬೇಕೆಂದೂ, ಸುರಕ್ಷಿತ ಭಾರಮಿತಿಯನ್ನು ಯಂತ್ರದ ಮೇಲೆ ಬರೆದಿರಬೇಕೆಂದೂ ವಿಧಿಸಿತ್ತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಇವೆರಡನ್ನೂ ತನ್ನೊಳಗೆ ಸೇರಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಆದರೆ ಮನೆ ಕಟ್ಟುವವರು ನೀರಿನ ಟ್ಯಾಂಕ್ ಏರಿಸಲೆಂದು ಒಂದು ಗಂಟೆಗೆ ತರಿಸುವ ಕ್ರೇನ್‌ನ ಬಳಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ತಪಾಸಣೆಯ ಪ್ರಮಾಣಪತ್ರ ತೋರಿಸುವಂತೆ ಕೇಳಬೇಕಾದವರು ಬಾಡಿಗೆ ಕೊಡುವವರೇ. ಕ್ರೇನ್ ಮಾಲೀಕರಿಗೆ ಫೋನ್ ಮಾಡುವಾಗ 'ಎಷ್ಟು ಟನ್ನಿನದು ಬೇಕು' ಎಂಬ ಪ್ರಶ್ನೆಗೆ ಉತ್ತರಿಸುವ ಬದಲು, ವಸ್ತುವಿನ ತೂಕ, ಕ್ರೇನ್ ನಿಲ್ಲುವ ಜಾಗದಿಂದ ಅದನ್ನು ಇಳಿಸುವ ಜಾಗಕ್ಕಿರುವ ದೂರ ಮತ್ತು ಎತ್ತರ, ಮೇಲೆ ಹಾದುಹೋಗುವ ತಂತಿ, ಕೆಳಗಿರುವ ಚರಂಡಿ ಇಷ್ಟನ್ನು ತಿಳಿಸಿದರೆ, ಯಾವ ಯಂತ್ರ ಕಳಿಸಬೇಕೆಂಬುದನ್ನು ಲೋಡ್ ಚಾರ್ಟ್ ನೋಡಿಯೇ ಅವರು ಹೇಳಬಹುದು.