ಕಂಚಿನ ಆಕಾರ, ಪಿಂಗಾಣಿಯ ಮೈ

ನಮ್ಮ ಶೆಟ್ಟಿಕೊಪ್ಪದ ಕಡೆಯ ಹಳೆಯ ಮನೆಗಳಲ್ಲಿ ದೇವರ ಮುಂದೆ ಕಂಚು, ತಾಮ್ರ, ಹಿತ್ತಾಳೆ. ಉಗ್ರಾಣದ ಕತ್ತಲೆಯಲ್ಲಿ ಅಪ್ಪೆಮಿಡಿಯ ಭರಣಿ. ಉಪ್ಪು-ಹುಳಿಗಳು ತಾಮ್ರವನ್ನು ಕರಗಿಸಿ ಕಿಲುಬು ಹುಟ್ಟಿಸುತ್ತವೆ. ಭರಣಿಯ ಗಾಜಿನಂಥ ಲೇಪ ಹುಳಿಗೆ ಜಗ್ಗುವುದಿಲ್ಲ. (ಭರಣಿ ಪಿಂಗಾಣಿಯಲ್ಲ, ಪಿಂಗಾಣಿಯ ಒರಟು ಸೋದರ.) ಆದರೆ ಅಂಥ ಪಾತ್ರೆಯಲ್ಲಿ ನೈವೇದ್ಯವಿಡಲು ಹಿರಿಯರು ಒಪ್ಪುತ್ತಿರಲಿಲ್ಲ. ಮಣ್ಣಿನದು ಮುಸುರೆಯಾದರೆ ಮುಗಿಯಿತು. ಕಂಚನ್ನಾದರೋ ಹುಣಿಸೆಹಣ್ಣು, ಬೂದಿಗಳಿಂದ ಬೆಳಗಬಹುದು.

ಚೀನಾದಲ್ಲಿ ನಡೆದುದು ಇದಕ್ಕೆ ವಿರುದ್ಧವಾದದ್ದು. ಷಾಂಗ್ ಮತ್ತು ಝೌ ಅರಸರ ಕಾಲದಲ್ಲಿ, ಎಂದರೆ ಸುಮಾರು ಕ್ರಿ.ಪೂ. 1600ರಿಂದ ಕ್ರಿ.ಪೂ. 256ರವರೆಗೆ, ಪಿತೃಗಳಿಗೆ ಅನ್ನವನ್ನೂ ಮದ್ಯವನ್ನೂ ಕಂಚಿನ ಪಾತ್ರೆಗಳಲ್ಲಿ ಅರ್ಪಿಸುತ್ತಿದ್ದರು. ಸಮಾಧಿಗಳಲ್ಲಿ ಹುದುಗಿದ ಆ ಪಾತ್ರೆಗಳು ಹಸಿರು ಕಿಲುಬು ಕಟ್ಟಿಕೊಂಡು, ಸೊಂಗ್ ವಂಶದ ಕಾಲದಲ್ಲಿ (960–1279) ವಿದ್ವಾಂಸರ ಆದರಕ್ಕೆ ಪಾತ್ರವಾದವು. ಹ್ವೇಜೊಂಗ್ ಚಕ್ರವರ್ತಿಯು ತನ್ನ ಸಂಗ್ರಹಕ್ಕೆ ಸಚಿತ್ರ ಸೂಚಿಯನ್ನೇ ಮಾಡಿಸಿದನು. ಲೊಂಗ್‌ಚ್ವಾನಿನ ಕುಂಬಾರರು ಅವೇ ಆಕಾರಗಳಲ್ಲಿ, ಮೂರು ಕಾಲಿನ ಧೂಪಪಾತ್ರೆಗಳನ್ನು ಹಸಿರು ಮೆರುಗಿನಿಂದ ಮಾಡಿದರು. ಈ ಹಸಿರು ತಾಮ್ರದ್ದಲ್ಲ. ಲೇಪದಲ್ಲಿರುವ ಅಲ್ಪ ಕಬ್ಬಿಣವನ್ನು ಗಾಳಿ ಕಡಿಮೆಯಾದ ಬೆಂಕಿಯಲ್ಲಿ ಸುಟ್ಟಾಗ ಬರುವ ಬಣ್ಣ. ಗಾಳಿ ಹೆಚ್ಚಾದರೆ ಅದೇ ಲೇಪ ಹಳದಿಗೋ ಕಂದಿಗೋ ತಿರುಗುತ್ತದೆ. ನನ್ನ ತರಗತಿಯಲ್ಲಿ ರಸಾಯನಶಾಸ್ತ್ರ ಕಲಿತವರಿಗೆ ಇದು ಅರ್ಥವಾದೀತು!

1369ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಯಜ್ಞಪಾತ್ರೆಗಳೆಲ್ಲ ಪಿಂಗಾಣಿಯವೇ ಆಗಲೆಂದು ಆಜ್ಞಾಪಿಸಿದನು. 1748ರಲ್ಲಿ ಚಿಯೆನ್‌ಲೊಂಗ್ ಚಕ್ರವರ್ತಿಯು ಅವುಗಳ ಆಕಾರ ಪ್ರಾಚೀನ ಕಂಚಿನಂತೆಯೇ ಇರಬೇಕೆಂದು ವಿಧಿಸಿದನು. ಒಂದೊಂದು ವೇದಿಕೆಗೆ ಒಂದೊಂದೇ ಬಣ್ಣ: ಆಕಾಶಕ್ಕೆ ನೀಲಿ, ಭೂಮಿಗೆ ಹಳದಿ, ಸೂರ್ಯನಿಗೆ ಕೆಂಪು, ಚಂದ್ರನಿಗೆ ತಿಳಿನೀಲಿ ಬೆರೆತ ಬಿಳುಪು. ಚಿತ್ತಾರವಿಲ್ಲದ ಆ ಒಂದೇ ಬಣ್ಣದ ಪಾತ್ರೆಗಳು, ಹೂಬಳ್ಳಿ ಬರೆದ ಎಲ್ಲ ಪಿಂಗಾಣಿಗಿಂತ ಗಂಭೀರವೆಂದು ನನ್ನ ಅಭಿಪ್ರಾಯ.

ಕನ್ನಡನಾಡಿಗೂ ಚೀನೀ ಪಿಂಗಾಣಿ ಬಂದಿತ್ತು. ಹಂಪಿಯ ಉತ್ಖನನದಲ್ಲಿ ಅದರ ಚೂರುಗಳು ದೊರೆತಿವೆ; ವಿಜಯಪುರದ ಗೋಲಗುಮ್ಮಟದ ಮುಂದಣ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಪಾತ್ರೆಗಳೇ ಇವೆ. ಹಸಿರು ಮೆರುಗಿನ ತಟ್ಟೆಗೆ ವಿಷಾನ್ನ ಬಡಿಸಿದರೆ ಅದು ಬಿರಿಯುವುದೆಂದು ದಖ್ಖನದ ಅರಮನೆಗಳಲ್ಲಿ ನಂಬಿದ್ದರು. ಪಿಂಗಾಣಿ ಎಂಬ ಮಾತೂ ಬಟ್ಟಲೆಂಬ ಅರ್ಥದ ಪಾರಸಿ ಶಬ್ದದಿಂದ ಬಂದದ್ದು. ಹೀಗೆ ಅದು ನಮ್ಮಲ್ಲಿ ಊಟದ ಮನೆಗೆ ಬಂತು, ದೇವರ ಕೋಣೆಗೆ ಬರಲಿಲ್ಲ.

ಚೀನಾದವರು ಲೋಹವನ್ನು ಬಿಟ್ಟರೂ ಆಕಾರವನ್ನು ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಕಂಚನ್ನು ತೂಕಕ್ಕೆ ಹಾಕಿ ಸ್ಟೀಲು ತಂದ ಮನೆಗಳು ಕಡಿಮೆಯಲ್ಲ. ಹೋದ ಪಾತ್ರೆಯ ಒಂದು ರೇಖಾಚಿತ್ರವೂ ಉಳಿದಿಲ್ಲ. ನಿಮ್ಮ ಅಟ್ಟದಲ್ಲಿ ಅಜ್ಜಿಯ ಕಾಲದ ಗಿಂಡಿ, ತಂಬಿಗೆ, ಕೊಳಗಗಳು ಇನ್ನೂ ಇದ್ದರೆ ಅವುಗಳ ಎತ್ತರ, ಬಾಯಿಯ ಅಗಲಗಳನ್ನು ಅಳೆದು, ಮನೆಯಲ್ಲಿ ಕರೆಯುತ್ತಿದ್ದ ಹೆಸರಿನೊಡನೆ ನನಗೆ ಬರೆದು ತಿಳಿಸಿರಿ.