ಹುಟ್ಟದ ಕಂಪನಿಗೊಂದು ಚೆಕ್ಕು

ಹೊಸ ಕಂಪನಿಗೆ ಮೊದಲ ದುಡ್ಡು ಹಾಕುವವರಿಗೆ ‘ಏಂಜೆಲ್’ ಅನ್ನೋ ಹೆಸರು ಬಂದಿದ್ದು ಬ್ರಾಡ್‌ವೇ ನಾಟಕಗಳಿಂದ. ನಾಟಕ ಬಿದ್ದರೆ ಹಾಕಿದ ದುಡ್ಡೂ ಗೋವಿಂದ!

ನನಗಿಷ್ಟವಾದ ಕಥೆ 1998ರ ಆಗಸ್ಟಿನದು. ಪಾಲೋ ಆಲ್ಟೋದ ಮನೆಯೊಂದರ ಜಗುಲಿಯಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ತೋರಿಸಿದ ಸರ್ಚ್ ಎಂಜಿನ್ ನೋಡಿ ಆಂಡಿ ಬೆಕ್ಟೋಲ್‌ಶೈಮ್ 1,00,000 ಡಾಲರಿನ ಚೆಕ್ ಬರೆದುಕೊಟ್ಟರು, ‘ಗೂಗಲ್ ಇಂಕ್’ ಹೆಸರಿಗೆ. ಆ ಹೆಸರಿನ ಕಂಪನಿಯೇ ಆಗಿನ್ನೂ ಹುಟ್ಟಿರಲಿಲ್ಲ! ಸೆಪ್ಟೆಂಬರಿನಲ್ಲಿ ನೋಂದಣಿ ಆಗೋವರೆಗೂ ಚೆಕ್ಕು ಡ್ರಾಯರಿನಲ್ಲೇ ಇತ್ತು...

ಆದರೆ ಆಂಡಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲೊಬ್ಬರು. 1996ರಲ್ಲಿ ಇನ್ನೊಂದು ಕಂಪನಿಯನ್ನು ಸಿಸ್ಕೋಗೆ ಮಾರಿದ್ದರು. ಆ ದುಡ್ಡು ಮುಳುಗಿದ್ದರೂ ಅವರಿಗೇನೂ ಆಗುತ್ತಿರಲಿಲ್ಲ. ನಾನೋ, ಸಂಬಳದಲ್ಲಿ ಉಳಿಸಿದ್ದನ್ನು ಗೆಳೆಯನ ಸ್ಟಾರ್ಟಪ್‌ಗೆ ಹಾಕೋಣ ಅಂತಿದ್ದೇನೆ. ನನ್ನ ಲೆಕ್ಕ ಇಷ್ಟೇ: ದುಡ್ಡು ಹೋದರೂ ಗೆಳೆತನ ಉಳಿಯುವಷ್ಟು ಮಾತ್ರ. ನೀವೇನಂತೀರಿ?